ಎಚ್‌ಐವಿ ಜೊತೆ ಟಿಬಿಯೂ ಇದ್ದರೆ: ಯಾವ ಮಾತ್ರೆ ಮೊದಲು, ಎಷ್ಟು ದಿನಕ್ಕೆ ಇನ್ನೊಂದು

ಮನೆಯಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಈಗ ಟಿಬಿಯೂ ಇದೆ ಅಂತ ರಿಪೋರ್ಟ್ ಬಂದಿದೆ. ಇಲ್ಲವೇ ಕೆಮ್ಮು ಅಂತ ಹೋದವರಿಗೆ ಟಿಬಿ ಗೊತ್ತಾಗಿ, ಅದರ ಬೆನ್ನಿಗೇ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಕೂಡ ಸಿಕ್ಕಿದೆ. ಈ ಬರಹ ಅಂಥವರಿಗೆ, ಅದಕ್ಕಿಂತ ಜಾಸ್ತಿ ಅವರ ಜೊತೆ ಆಸ್ಪತ್ರೆಗೆ ಓಡಾಡುವವರಿಗೆ. ಇದನ್ನು ಓದಿ ನೀವೇ ಮಾತ್ರೆ ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು, ಯಾವುದಕ್ಕೆ ಕಾಯಬಾರದು, ಯಾವುದಕ್ಕೆ ಕಾಯಲೇಬೇಕು ಅನ್ನೋದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಹೇಳುವ ನಿಯಮಗಳು ಯಾರೋ ಆಫೀಸಿನಲ್ಲಿ ಕೂತು ಬರೆದವಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್, ಕಾಂಬೋಡಿಯಾ, ಮಲಾವಿ, ವಿಯೆಟ್ನಾಂ, ಚೆನ್ನೈ ಇಂಥ ಕಡೆ ಸಾವಿರಾರು ರೋಗಿಗಳು ಅಧ್ಯಯನಗಳಿಗೆ ಒಪ್ಪಿ ಸೇರಿಕೊಂಡಿದ್ದರಿಂದ ಗೊತ್ತಾದವು. ಹಾಸಿಗೆ ಸಾಲದ, ಡಾಕ್ಟರ್ ಸಾಲದ, ಲ್ಯಾಬ್ ದೂರ ಇರುವ ಊರುಗಳಲ್ಲೇ ನಡೆದ ಕೆಲಸ ಇದು. ಹಾಗಾಗಿ 'ಅದೆಲ್ಲ ಫಾರಿನ್‌ನವರಿಗೆ, ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಆಗಲ್ಲ' ಅಂತ ಯಾರಾದರೂ ಅಂದರೆ ನಂಬಬೇಡಿ.

ಟಿಬಿ ಇದೆಯಾ ಇಲ್ವಾ, ಮೊದಲು ಅದು ಗೊತ್ತಾಗಲಿ

ಎಚ್‌ಐವಿ ಇರುವವರು ಎಆರ್‌ಟಿ ಸೆಂಟರಿಗೆ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ) ಹೋದಾಗಲೆಲ್ಲ ಅಲ್ಲಿಯವರು ನಾಲ್ಕು ಪ್ರಶ್ನೆ ಕೇಳಬೇಕು. ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರು ಬರ್ತಿದೆಯಾ. ಅವರು ಕೇಳದಿದ್ದರೆ ನೀವೇ ಹೇಳಿ. ಸಾಮಾನ್ಯ ಜನರಿಗೆ 'ಎರಡು ವಾರದ ಕೆಮ್ಮು' ಅನ್ನೋ ಲೆಕ್ಕ ಇದೆ, ಎಚ್‌ಐವಿ ಇದ್ದವರಿಗೆ ಆ ಲೆಕ್ಕ ಇಲ್ಲ. ಕೆಮ್ಮು ನಿನ್ನೆ ಶುರುವಾಗಿದ್ದರೂ ಹೇಳಬೇಕು. ನಾಲ್ಕರಲ್ಲಿ ಒಂದಕ್ಕೆ ಹೌದು ಅಂದರೂ ಪರೀಕ್ಷೆ ಆಗಬೇಕು.

ಯಾವ ಪರೀಕ್ಷೆ ಅನ್ನೋದು ಇಲ್ಲಿ ಮುಖ್ಯ. ಕಫವನ್ನು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುವ ಹಳೇ ಪದ್ಧತಿ ಎಚ್‌ಐವಿ ಇರುವವರಲ್ಲಿ ಬಹಳ ಸಲ ಮೋಸ ಮಾಡುತ್ತದೆ. ರೋಗನಿರೋಧಕ ಶಕ್ತಿ ಕುಸಿದಿರುವವರ ಶ್ವಾಸಕೋಶದಲ್ಲಿ ಟಿಬಿಯ ಗುಳಿಗಳು ಅಷ್ಟಾಗಿ ಆಗುವುದಿಲ್ಲ, ಕಫದಲ್ಲಿ ರೋಗಾಣು ಕಡಿಮೆ ಇರುತ್ತದೆ, ಎಕ್ಸ್‌ರೇ ಕೂಡ ಕೆಲವೊಮ್ಮೆ ನೋಡೋಕೆ ಸರಿಯಾಗೇ ಇರುತ್ತದೆ. ಅದಕ್ಕೇ 'ಸಿಬಿನಾಟ್ ಅಥವಾ ಟ್ರೂನಾಟ್ ಮಾಡಿಸಿ' ಅಂತ ಬಾಯಿಬಿಟ್ಟು ಕೇಳಿ. ಸಿಬಿನಾಟ್ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿತು. ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ ಅನ್ನೋದರ ಜೊತೆ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಕೆಲಸ ಮಾಡುತ್ತಾ ಅನ್ನೋದನ್ನೂ ಅದು ಹೇಳುತ್ತದೆ. ಟ್ರೂನಾಟ್ ನಮ್ಮ ಪಕ್ಕದ ಗೋವಾದ್ದು. ಬ್ಯಾಟರಿಯಲ್ಲೂ ಓಡುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ.

ಕಫವೇ ಬರದಷ್ಟು ಸುಸ್ತಾಗಿ ಆಸ್ಪತ್ರೆಯಲ್ಲಿ ಮಲಗಿದ್ದರೆ? ಆಗ ಮೂತ್ರದಲ್ಲಿ ಮಾಡುವ ಲ್ಯಾಮ್ ಪರೀಕ್ಷೆ ಇದೆ. ಒಂದು ಪಟ್ಟಿಯ ಮೇಲೆ ಕೆಲವು ಹನಿ ಮೂತ್ರ ಹಾಕಿದರೆ ಅರ್ಧ ಗಂಟೆಯೊಳಗೆ ಗೆರೆ ಮೂಡುತ್ತದೆ. ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆಯ ಹತ್ತು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟರು. ಮಾಮೂಲಿ ಪರೀಕ್ಷೆಗಳಷ್ಟೇ ಮಾಡಿದವರಲ್ಲಿ ಎಂಟು ವಾರದೊಳಗೆ ನೂರಕ್ಕೆ 25 ಜನ ತೀರಿಕೊಂಡಿದ್ದರೆ, ಈ ಪಟ್ಟಿಯನ್ನೂ ಬಳಸಿದವರಲ್ಲಿ 21. ನಾಲ್ಕು ಜೀವ ಅಂದರೆ ಕಡಿಮೆ ಅನ್ನಿಸಬಹುದು, ಆದರೆ ಒಂದು ಸಣ್ಣ ಪಟ್ಟಿಗೆ ಅದು ದೊಡ್ಡ ಕೆಲಸ ಅಲ್ವಾ. ಎಲ್ಲ ಕಡೆ ಸಿಗಲ್ಲ. ಸಿಡಿ4 (ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸುವ ರಕ್ತದ ಲೆಕ್ಕ) ತುಂಬಾ ಕಡಿಮೆ ಇದ್ದು ರೋಗಿ ಹಾಸಿಗೆ ಹಿಡಿದಿದ್ದರೆ ಇದನ್ನು ಕೇಳಲು ಮರೆಯಬೇಡಿ.

ಇಷ್ಟೊಂದು 'ಕೇಳಿ, ಕೇಳಿ' ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದು ನಮ್ಮ ರಾಜ್ಯದಲ್ಲೇ ಗೊತ್ತಾದ ಹಳೇ ಪಾಠ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಬಂತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಟಿಬಿ ಇದ್ದವರಲ್ಲಿ ಸುಮಾರು ಅರ್ಧ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು, ಕೆಮ್ಮಿನ ಔಷಧಿ ಬಾಟಲಿ ಹಿಡಿದುಕೊಂಡು. ಈಗಲೂ ಪೂರ್ತಿ ಬದಲಾಗಿಲ್ಲ.

ಯಾವುದು ಮೊದಲು

ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಎರಡು ರೋಗ, ಎರಡು ರಾಶಿ ಮಾತ್ರೆ. ಒಟ್ಟಿಗೇ ಶುರು ಮಾಡಿದರೆ ದೇಹ ತಡೆಯುತ್ತಾ? ಒಂದು ಮುಗಿಸಿ ಇನ್ನೊಂದು ತಗೊಂಡರೆ ಹಗುರ ಅಲ್ವಾ? ಹಿಂದೆ ಡಾಕ್ಟರುಗಳೂ ಹೀಗೇ ಯೋಚಿಸುತ್ತಿದ್ದರು. ಮಾತ್ರೆ ಮಾತ್ರೆ ಜಗಳ ಆಡುತ್ತವೆ, ಅಡ್ಡ ಪರಿಣಾಮ ಬಂದರೆ ಯಾವುದರಿಂದ ಅಂತ ಗೊತ್ತಾಗಲ್ಲ, ಆರು ತಿಂಗಳು ಟಿಬಿ ಮುಗಿಯಲಿ ಅಂತ ಕಾಯುತ್ತಿದ್ದವರು ತುಂಬಾ ಜನ.

ಈಗಿನ ಉತ್ತರ ಸರಳ. ಟಿಬಿ ಮಾತ್ರೆ ಮೊದಲು, ತಕ್ಷಣ. ಅದು ದೇಹಕ್ಕೆ ಒಗ್ಗುತ್ತಿದ್ದ ಹಾಗೆ ಎರಡು ವಾರದೊಳಗೆ ಎಚ್‌ಐವಿ ಮಾತ್ರೆ. ಸಿಡಿ4 ಎಷ್ಟೇ ಇರಲಿ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತಿದೆ.

ಇದು ಹೇಗೆ ಗೊತ್ತಾಯಿತು ಅನ್ನೋದನ್ನು ಸ್ವಲ್ಪ ಹೇಳಲೇಬೇಕು, ಯಾಕಂದರೆ 'ಪಾಪ, ಒಂದು ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ' ಅನ್ನೋ ಕನಿಕರ ಮನೆಯವರ ಬಾಯಲ್ಲಿ ಬಂದೇ ಬರುತ್ತದೆ. ಡರ್ಬನ್‌ನಲ್ಲಿ ಸಲೀಂ ಅಬ್ದುಲ್ ಕರೀಂ ಅವರ ತಂಡ 642 ರೋಗಿಗಳನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡಿತು. ಕೆಲವರಿಗೆ ಟಿಬಿ ಚಿಕಿತ್ಸೆ ನಡೆಯುತ್ತಿರುವಾಗಲೇ ಎಚ್‌ಐವಿ ಮಾತ್ರೆ, ಉಳಿದವರಿಗೆ ಟಿಬಿ ಮುಗಿದ ಮೇಲೆ. 2008ರಲ್ಲಿ, ಅಧ್ಯಯನ ಮುಗಿಯುವ ಮೊದಲೇ, ಕಾಯುವ ಗುಂಪನ್ನು ನಿಲ್ಲಿಸಬೇಕಾಯಿತು. ಜೊತೆಜೊತೆಗೆ ಮಾತ್ರೆ ಸಿಕ್ಕವರಲ್ಲಿ ಸಾವು 56 ಶೇಕಡಾ ಕಡಿಮೆ ಇತ್ತು. ಕಾಯುವುದೇ ಕೊಲ್ಲುತ್ತಿತ್ತು.

ಸರಿ, ಟಿಬಿ ನಡೆಯುತ್ತಿರುವಾಗಲೇ ಕೊಡಬೇಕು. ಆದರೆ ಎರಡು ವಾರಕ್ಕಾ, ಎರಡು ತಿಂಗಳಿಗಾ? ಇದನ್ನು ಕಾಂಬೋಡಿಯಾದಲ್ಲಿ 661 ಜನರಲ್ಲಿ ನೋಡಿದರು. ಅವರ ಸ್ಥಿತಿ ಎಷ್ಟು ಕೆಟ್ಟಿತ್ತು ಅಂದರೆ ಅರ್ಧಕ್ಕರ್ಧ ಜನರ ಸಿಡಿ4 25ರ ಆಸುಪಾಸು ಅಥವಾ ಅದಕ್ಕೂ ಕೆಳಗೆ, ಆರೋಗ್ಯವಂತರಲ್ಲಿ ಅದು 500ಕ್ಕಿಂತ ಮೇಲಿರುತ್ತದೆ. ಎರಡು ವಾರಕ್ಕೆ ಶುರು ಮಾಡಿದವರಲ್ಲಿ ಸತ್ತವರು ನೂರಕ್ಕೆ 18, ಎಂಟು ವಾರ ಕಾದವರಲ್ಲಿ 27. ಇದರ ಫಲಿತಾಂಶ ಬಂದ 2011ರಲ್ಲೇ 809 ಜನರ ಇನ್ನೊಂದು ಅಧ್ಯಯನವೂ ಬಂತು. ಸಿಡಿ4 50ಕ್ಕಿಂತ ಕಡಿಮೆ ಇದ್ದವರಿಗೆ ಬೇಗ ಶುರು ಮಾಡಿದ್ದರಿಂದ ಸ್ಪಷ್ಟ ಲಾಭ ಅದರಲ್ಲೂ ಕಂಡಿತು. ಅಂದರೆ ರೋಗಿ ಎಷ್ಟು ಬಳಲಿದ್ದಾರೋ ಅಷ್ಟು ಬೇಗ ಬೇಕು. ನಮ್ಮ ಮನಸ್ಸು ಹೇಳೋದಕ್ಕೆ ಇದು ಪೂರಾ ಉಲ್ಟಾ.

ಒಂದು ಕಡೆ ಮಾತ್ರ ಕಾಯಲೇಬೇಕು. ಟಿಬಿ ಮೆದುಳಿನ ಪೊರೆಗೆ ಹತ್ತಿದ್ದರೆ, ಅಂದರೆ ಟಿಬಿ ಮೆನಿಂಜೈಟಿಸ್ ಆಗಿದ್ದರೆ. ವಿಯೆಟ್ನಾಂನಲ್ಲಿ ಇಂಥ 253 ರೋಗಿಗಳಲ್ಲಿ ತಕ್ಷಣ ಕೊಟ್ಟೂ ನೋಡಿದರು, ಎರಡು ತಿಂಗಳು ಬಿಟ್ಟು ಕೊಟ್ಟೂ ನೋಡಿದರು. ಒಂಬತ್ತು ತಿಂಗಳಲ್ಲಿ ಎರಡೂ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ. ಬೇಗ ಕೊಟ್ಟದ್ದರಿಂದ ಉಪಯೋಗ ಆಗಲಿಲ್ಲ, ಗಂಭೀರ ತೊಂದರೆಗಳೇ ಜಾಸ್ತಿಯಾದವು. ತಲೆಬುರುಡೆಯೊಳಗೆ ಊತ ಬಂದರೆ ಅದಕ್ಕೆ ಹೋಗಲು ಜಾಗ ಇಲ್ಲ. ಅದಕ್ಕೇ ಇಲ್ಲಿ ಎಚ್‌ಐವಿ ಮಾತ್ರೆಯನ್ನು ಕಡಿಮೆ ಅಂದರೂ ನಾಲ್ಕು ವಾರ ತಡ ಮಾಡುತ್ತಾರೆ. ರೋಗಿಗೆ ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿಯೋದು, ಮಾತು ತಪ್ಪೋದು ಏನಾದರೂ ಇದ್ದರೆ, ಎಚ್‌ಐವಿ ಮಾತ್ರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. 'ಬಿಸಿಲಿಗೆ ತಲೆನೋವು' ಅಂತ ನೀವೇ ತೀರ್ಮಾನ ಮಾಡಬೇಡಿ.

ಇನ್ನು ಮೊದಲಿಂದಲೂ ಎಚ್‌ಐವಿ ಮಾತ್ರೆ ತಗೊಳ್ಳುತ್ತಿದ್ದವರಿಗೆ ಈಗ ಟಿಬಿ ಬಂದರೆ, ಎಚ್‌ಐವಿ ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ಅದು ನಡೀತಾ ಇರಲಿ, ಟಿಬಿ ಮಾತ್ರೆ ಸೇರಲಿ. ಜೊತೆಗೆ ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಕೇಳಿ, ಹಳೇ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಗೊತ್ತಾಗಲಿ.

ಬಿಟ್ಟುಹೋಗುವ ಆ ಎರಡನೇ ಮಾತ್ರೆ

ಈಗ ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವ ಎಚ್‌ಐವಿ ಮಾತ್ರೆ ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು ಸಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಲಿವರನ್ನು ಎಬ್ಬಿಸಿ, ಡೊಲುಟೆಗ್ರಾವಿರ್ ರಕ್ತದಲ್ಲಿ ಉಳಿಯದ ಹಾಗೆ ಬೇಗ ಖಾಲಿ ಮಾಡಿಸುತ್ತದೆ. ಅದನ್ನು ಸರಿದೂಗಿಸಲು ಡೊಲುಟೆಗ್ರಾವಿರ್ 50 ಮಿಲಿಗ್ರಾಂನ ಇನ್ನೊಂದು ಬಿಡಿ ಮಾತ್ರೆ ಕೊಡುತ್ತಾರೆ, ಟಿಎಲ್‌ಡಿ ತಗೊಂಡ 12 ಗಂಟೆ ಬಿಟ್ಟು. ಬೆಳಗ್ಗೆ ಎಂಟಕ್ಕೆ ಟಿಎಲ್‌ಡಿ ಆದರೆ ರಾತ್ರಿ ಎಂಟಕ್ಕೆ ಇದು. ದಿನಕ್ಕೊಂದೇ ಸಾಕಾ ಅಂತ ದಕ್ಷಿಣ ಆಫ್ರಿಕಾದಲ್ಲಿ ನೋಡುತ್ತಿದ್ದಾರೆ, ಸಣ್ಣ ಅಧ್ಯಯನವೊಂದರಲ್ಲಿ ಆಶಾದಾಯಕ ಫಲಿತಾಂಶವೂ ಬಂದಿದೆ. ಆದರೆ ನಿಮ್ಮ ಡಾಕ್ಟರ್ ಹೇಳುವವರೆಗೆ ಎರಡು ಅಂದರೆ ಎರಡೇ.

ಟಿಬಿ ಒಂದು ಕಡೆ, ಎಚ್‌ಐವಿ ಇನ್ನೊಂದು ಕಡೆ ತೋರಿಸುವವರಲ್ಲಿ ಇದೇ ತಪ್ಪಿಹೋಗುವುದು ಜಾಸ್ತಿ. ಟಿಬಿ ಮಾತ್ರೆ ಪಿಎಚ್‌ಸಿಯಲ್ಲಿ ಸಿಗುತ್ತದೆ, ಎಚ್‌ಐವಿಯದು ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಸೆಂಟರಿನಲ್ಲಿ, ಒಬ್ಬರು ಬರೆದದ್ದು ಇನ್ನೊಬ್ಬರು ನೋಡಿರುವುದಿಲ್ಲ, ನಡುವೆ ಚೀಟಿ ಹಿಡಿದು ಬಸ್ಸಿಗೆ ಓಡುವವರು ನೀವು. ಹಾಗಾಗಿ ಎರಡೂ ಕಡೆಯ ಪುಸ್ತಕ, ಎಲ್ಲ ಮಾತ್ರೆಯ ಖಾಲಿ ಪಟ್ಟಿಗಳು ಒಂದೇ ಚೀಲದಲ್ಲಿರಲಿ. ಎರಡೂ ಕಡೆ ಎರಡನ್ನೂ ತೋರಿಸಿ. ಎಷ್ಟೋ ಎಆರ್‌ಟಿ ಸೆಂಟರುಗಳಲ್ಲಿ ಟಿಬಿ ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ, ಹಾಗಿದ್ದರೆ ಅಲ್ಲೇ ತಗೊಳ್ಳಿ. ಟಿಬಿ ಮಾತ್ರೆ ಮುಗಿದ ದಿನವೇ ಆ ಹೆಚ್ಚಿನ ಮಾತ್ರೆ ನಿಲ್ಲಿಸಬೇಡಿ. ರಿಫಾಂಪಿಸಿನ್ ಪ್ರಭಾವ ಇಳಿಯಲು ಸಮಯ ಬೇಕು, ಇನ್ನೂ ಎರಡು ವಾರ ಮುಂದುವರಿಸುತ್ತಾರೆ.

ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆ ಗುಲಾಬಿ ಬಣ್ಣದ ಔಷಧಿ ಇವು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ಡೊಲುಟೆಗ್ರಾವಿರ್ ತಗೊಂಡು ಎರಡು ಗಂಟೆ ಆದ ಮೇಲೆ ಇವನ್ನು ತಗೊಳ್ಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಹೇಳಿಬಿಡಿ, ಡೋಸ್ ನೋಡಬೇಕಾಗುತ್ತದೆ. ಗರ್ಭ ತಡೆಯುವ ಮಾತ್ರೆಯನ್ನು ರಿಫಾಂಪಿಸಿನ್ ಕೆಲಸ ಮಾಡದ ಹಾಗೆ ಮಾಡಿಬಿಡುತ್ತದೆ, ಬೇರೆ ದಾರಿ ಕೇಳಿಕೊಳ್ಳಿ.

ದಿನಾ ಅಂದರೆ ದಿನಾ

ವಯಸ್ಸಾದವರು ಯಾರಾದರೂ 'ಟಿಬಿ ಮಾತ್ರೆ ವಾರಕ್ಕೆ ಮೂರೇ ದಿನ ಇರೋದು, ನಮ್ಮ ಭಾವನಿಗೆ ಹಾಗೇ ಕೊಟ್ಟಿದ್ದರು' ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಹಿಂದೆ ಭಾರತದಲ್ಲಿ ಹಾಗೇ ಇತ್ತು. ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಎಚ್‌ಐವಿ ಮತ್ತು ಟಿಬಿ ಎರಡೂ ಇದ್ದ 331 ಜನರಲ್ಲಿ ದಿನಾ ಕೊಡುವುದನ್ನೂ ವಾರಕ್ಕೆ ಮೂರು ದಿನ ಕೊಡುವುದನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿತು. ದಿನಾ ತಗೊಂಡವರಲ್ಲಿ ನೂರಕ್ಕೆ 91 ಜನರಿಗೆ ಒಳ್ಳೆ ಫಲ, ವಾರಕ್ಕೆ ಮೂರು ದಿನದವರಲ್ಲಿ 77. ಆ ಹೊತ್ತಿಗೆ ದೇಶದಲ್ಲಿ ದಿನಾ ಕೊಡುವ ಪದ್ಧತಿ ಬಂದಾಗಿತ್ತು.

ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಎಷ್ಟು ಮಾತ್ರೆ ಅನ್ನೋದು ತೂಕದ ಮೇಲೆ: 35ರಿಂದ 49 ಕೆಜಿಗೆ ಮೂರು, 50ರಿಂದ 64ಕ್ಕೆ ನಾಲ್ಕು. ಚಿಕಿತ್ಸೆ ನಡುವೆ ತೂಕ ಏರಿದರೆ ಮಾತ್ರೆಯೂ ಏರಬಹುದು, ಅದಕ್ಕೇ ಪ್ರತಿ ತಿಂಗಳು ತೂಕ ಹಾಕಿಸಿ.

ಸಿಬಿನಾಟ್‌ನಲ್ಲಿ ರಿಫಾಂಪಿಸಿನ್ ಕೆಲಸ ಮಾಡಲ್ಲ ಅಂತ ಬಂದರೆ ದಾರಿ ಬೇರೆ, ಆದರೆ ಎದೆಗೆಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ ತೀರಾ ಮೊಂಡು ಟಿಬಿ ಇದ್ದ 109 ಜನರಿಗೆ ಮೂರು ಔಷಧಿ ಆರು ತಿಂಗಳು ಕೊಟ್ಟು ನೋಡಿದಾಗ ನೂರಕ್ಕೆ ತೊಂಬತ್ತು ಜನ ಹುಷಾರಾದರು. ಅವರಲ್ಲಿ ಅರ್ಧದಷ್ಟು ಜನರಿಗೆ ಎಚ್‌ಐವಿಯೂ ಇತ್ತು. ಅದಕ್ಕೆ ಇನ್ನೊಂದು ಔಷಧಿ ಸೇರಿಸಿದ ಬಿಪಾಲ್ಎಂ ಚಿಕಿತ್ಸೆಗೆ ಭಾರತ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಹುಷಾರಾಗುತ್ತಿದ್ದವರು ಮತ್ತೆ ಮಲಗಿದರೆ

ಟಿಬಿ ಮಾತ್ರೆಯಿಂದ ಜ್ವರ ಇಳಿದಿತ್ತು, ಊಟ ಸೇರುತ್ತಿತ್ತು. ಎಚ್‌ಐವಿ ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಮತ್ತೆ ಜ್ವರ, ಕುತ್ತಿಗೆಯಲ್ಲಿ ಗಂಟು ದಪ್ಪ, ಕೆಮ್ಮು. ಮನೆಯಲ್ಲಿ ಎಲ್ಲರೂ ಹೊಸ ಮಾತ್ರೆಯನ್ನೇ ಬೈಯುತ್ತಾರೆ. ಬಹಳ ಸಲ ಇದು ಐರಿಸ್. ಅಷ್ಟು ದಿನ ಮಲಗಿದ್ದ ರೋಗನಿರೋಧಕ ಶಕ್ತಿ ಈಗ ಎದ್ದು, ದೇಹದಲ್ಲಿ ಉಳಿದಿರುವ ಟಿಬಿ ರೋಗಾಣುಗಳ ಮೇಲೆ ಒಮ್ಮೆಲೇ ಬೀಳುತ್ತದೆ. ಸಿಡಿ4 ಕಡಿಮೆ ಇದ್ದಷ್ಟೂ ಇದು ಜಾಸ್ತಿ. ಇಲ್ಲಿ ಮಾಡಬಾರದ ಕೆಲಸ ಒಂದೇ, ಮನೆಯಲ್ಲೇ ಮಾತ್ರೆ ನಿಲ್ಲಿಸುವುದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇದು ಐರಿಸ್ಸಾ, ಮಾತ್ರೆ ಕೆಲಸ ಮಾಡದ ಟಿಬಿಯಾ, ಬೇರೆ ಸೋಂಕಾ ಅಂತ ಅವರು ನೋಡಬೇಕು.

ಕೇಪ್‌ಟೌನ್‌ನ ಖಯೆಲಿಟ್ಷಾದಲ್ಲಿ ಸಿಡಿ4 100 ಅಥವಾ ಅದಕ್ಕಿಂತ ಕಡಿಮೆ ಇದ್ದ 240 ಜನರಲ್ಲಿ ಅರ್ಧದಷ್ಟು ಜನರಿಗೆ ಎಚ್‌ಐವಿ ಮಾತ್ರೆಯ ಜೊತೆಗೇ ನಾಲ್ಕು ವಾರ ಪ್ರೆಡ್ನಿಸೋನ್ ಕೊಟ್ಟು ನೋಡಿದರು. ಐರಿಸ್ ನೂರಕ್ಕೆ 47ರಿಂದ 33ಕ್ಕೆ ಇಳಿಯಿತು. ಇದು ಸ್ಟೀರಾಯ್ಡ್, ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ಕೊಡುವ ವಸ್ತು ಅಲ್ಲ. ಡಾಕ್ಟರನ್ನು ಕೇಳುವ ಪ್ರಶ್ನೆ ಅಷ್ಟೇ.

ಉಳಿದ ಅಡ್ಡ ಪರಿಣಾಮಗಳನ್ನು ಬೇಗ ಹೇಳಿಬಿಡುತ್ತೇನೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್, ಹೆದರಬೇಡಿ. ಕಣ್ಣು ಹಳದಿಯಾಗಿ ವಾಂತಿ ನಿಲ್ಲದಿದ್ದರೆ ಕಾಮಾಲೆ, ಅದೇ ದಿನ ಹೋಗಿ. ಸೊಪ್ಪಿನ ಔಷಧಿ ಕುಡಿಸಿ ದಿನ ಕಳೆಯಬೇಡಿ, ಲಿವರಿಗೆ ಇನ್ನೂ ಭಾರ. ಎಣ್ಣೆ ಹೊಡೆಯುವವರಿಗೆ ಆರು ತಿಂಗಳು ಅದು ಬೇಡವೇ ಬೇಡ. ಕೈಕಾಲು ಜುಮ್ ಅಂದರೆ ಟಿಬಿ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ನಿಂದ, ಜೊತೆಗೆ ಬಿ6 ಮಾತ್ರೆ ಕೊಟ್ಟಿದ್ದಾರಾ ನೋಡಿ. ಕಣ್ಣು ಮಂಜಾದರೆ, ಕೆಂಪು ಹಸಿರು ಗೊತ್ತಾಗದಿದ್ದರೆ ಅದೇ ಟಿಬಿ ಮಾತ್ರೆಯಲ್ಲಿರುವ ಎಥಾಂಬುಟಾಲ್, ತಕ್ಷಣ ಹೇಳಿ. ಬೇರೆ ಸೋಂಕು ಬರದಿರಲಿ ಅಂತ ಕೊಟ್ರೈಮೊಕ್ಸಜೋಲ್ ಕೊಡುತ್ತಾರೆ, ಮಾತ್ರೆ ಜಾಸ್ತಿಯಾಯ್ತು ಅಂತ ಅದನ್ನು ಬಿಡಬೇಡಿ.

ಊಟ ಮತ್ತು ಮನೆಯ ಉಳಿದವರು

ಊಟವನ್ನು ಔಷಧಿಯ ಲೆಕ್ಕದಲ್ಲೇ ಹಿಡಿಯಬೇಕು ಅನ್ನೋದಕ್ಕೆ ಒಳ್ಳೆ ಪುರಾವೆ ಕೊಟ್ಟವರು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಅಧ್ಯಯನ ನಡೆದದ್ದು ಜಾರ್ಖಂಡ್‌ನಲ್ಲಿ, 2,800 ಟಿಬಿ ರೋಗಿಗಳು ಮತ್ತು ಅವರ ಮನೆಯ 10,345 ಜನರ ಜೊತೆ. ರೋಗಿಗಳಿಗೆ ತಿಂಗಳಿಗೆ 10 ಕೆಜಿಯಷ್ಟು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ತಲೆಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. 2023ರಲ್ಲಿ ಬಂದ ಫಲಿತಾಂಶ ನೋಡಿ: ಹೀಗೆ ರೇಷನ್ ಸಿಕ್ಕ ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಡಿಮೆಯಾಯಿತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾಯುವ ಸಾಧ್ಯತೆ ತುಂಬಾ ಕಡಿಮೆ ಇತ್ತು. ಪ್ರೋಟೀನ್ ಪುಡಿ ಡಬ್ಬಕ್ಕೆ ದುಡ್ಡು ಸುರಿಯುವ ಬದಲು ಬೇಳೆ, ಮೊಟ್ಟೆ, ಶೇಂಗಾ ತನ್ನಿ. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್‌ನಲ್ಲಿ ತಿಂಗಳಿಗೆ 1000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ, 2024ರ ನವೆಂಬರ್‌ವರೆಗೆ ಅದು 500 ಇತ್ತು. ಬಂದಿಲ್ಲ ಅಂದರೆ ಬ್ಯಾಂಕ್ ಪಾಸ್‌ಬುಕ್ ಹಿಡಿದು ಟಿಬಿ ಯೂನಿಟ್‌ನಲ್ಲಿ ವಿಚಾರಿಸಿ.

ರೋಗಿಯನ್ನು ದೂರದ ರೂಮಿಗೆ ತಳ್ಳಿ ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಇಲ್ಲ. ತಟ್ಟೆಯಿಂದ ಟಿಬಿಯೂ ಬರಲ್ಲ, ಎಚ್‌ಐವಿಯೂ ಬರಲ್ಲ. ಮದರಾಸಿನಲ್ಲಿ 1956ರಲ್ಲಿ ಶುರುವಾದ ಅಧ್ಯಯನದಲ್ಲಿ ಸ್ಯಾನಿಟೋರಿಯಂನಲ್ಲಿ (ಟಿಬಿಯವರಿಗೆಂದೇ ಇದ್ದ ಆಸ್ಪತ್ರೆ) ಇಟ್ಟವರಿಗೂ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ ನುಂಗಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಮನೆಯಲ್ಲಿದ್ದವರಿಂದ ಮನೆಯವರಿಗೆ ರೋಗ ಜಾಸ್ತಿ ಹರಡಲೂ ಇಲ್ಲ. ಕಿಟಕಿ ತೆಗೆದಿಡಿ, ಮೊದಲ ಕೆಲವು ವಾರ ರೋಗಿ ಮಾಸ್ಕ್ ಹಾಕಲಿ, ಅಷ್ಟು ಸಾಕು. ಆದರೆ ಮನೆಯವರೆಲ್ಲರಿಗೂ ಟಿಬಿ ಇದೆಯಾ ಅಂತ ನೋಡಿಸಬೇಕು. ಇಲ್ಲ ಅಂತಾದರೆ ಬರದ ಹಾಗೆ ತಡೆಯುವ ಮಾತ್ರೆ ಕೇಳಿ, ಮಕ್ಕಳಿಗೆ ಮತ್ತು ಮನೆಯಲ್ಲಿ ಎಚ್‌ಐವಿ ಇರುವ ಬೇರೆಯವರಿಗೆ ಮೊದಲು. ಗಂಡ ಅಥವಾ ಹೆಂಡತಿಗೆ ಎಚ್‌ಐವಿ ಪರೀಕ್ಷೆ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹೆ ಕೊಡುವ ಸರ್ಕಾರಿ ಕೇಂದ್ರ) ಉಚಿತ.

ಆಶಾ ಅಕ್ಕ ಮನೆಗೆ ಬಂದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ ಅನ್ನೋ ಭಯ ಇದ್ದೇ ಇರುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾನೂನಿನ ಪ್ರಕಾರ ರೋಗಿಯ ಒಪ್ಪಿಗೆ ಇಲ್ಲದೆ ಅವರ ಎಚ್‌ಐವಿ ವಿಷಯ ಬಯಲು ಮಾಡುವ ಹಾಗಿಲ್ಲ, ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗೂ ಇಲ್ಲ. ಮನೆಗೆ ಬರುವುದು ಬೇಡ ಅನ್ನಿಸಿದರೆ ಟಿಬಿ ಯೂನಿಟ್‌ನಲ್ಲಿ ಹೇಳಿ, ಬೇರೆ ಕಡೆ ಮಾತ್ರೆ ತಗೊಳ್ಳುವ ವ್ಯವಸ್ಥೆ ಮಾಡಿಕೊಳ್ಳಬಹುದು. ಎಚ್‌ಐವಿ ಬಗ್ಗೆ ಏನೇ ಕೇಳಬೇಕಿದ್ದರೂ 1097, ಟಿಬಿಗೆ 1800-11-6666. ಎರಡೂ ಉಚಿತ ಕರೆ, ಹೆಸರು ಹೇಳದೆಯೂ ಮಾತಾಡಬಹುದು.